ಪಾಚಿ: ಕೊಳದಿಂದ ಕ್ಯಾಮೆರಾಕ್ಕೆ, ಬಾಟಲಿಯಿಂದ ಕಿಲೋಜೂಲಿಗೆ

ಪಾಚಿಯಿಂದ ಇಂಧನ ತೆಗೆಯಬಹುದೆಂದು ಕೇಳಿದವರು ಬಹಳ ಮಂದಿ. ಒಂದು ಬಾಟಲಿ ಪಾಚಿಯಲ್ಲಿ ಎಷ್ಟು ಇಂಧನವಿದೆಯೆಂದು ಅಳೆದು ನೋಡಿದವರು ಕಡಿಮೆ. ಅಳೆಯುವುದೇನೂ ಕಷ್ಟವಲ್ಲ. ಸಾಧಾರಣ ಸೂಕ್ಷ್ಮದರ್ಶಕ, ಎಕ್ಸ್‌ಪೋಷರ್ ಕೈಯಾರೆ ಹೊಂದಿಸಬಲ್ಲ ಕ್ಯಾಮೆರಾ ಅಥವಾ ಫೋನ್, ಮೀನಿನ ತೊಟ್ಟಿಯ ಏರ್ ಪಂಪ್, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಇಷ್ಟಿದ್ದರೆ ಎರಡು ವಾರದಲ್ಲಿ ಲೆಕ್ಕ ಕೈಗೆ ಬರುತ್ತದೆ. ಇಲ್ಲಿ ಕ್ಯಾಮೆರಾಕ್ಕೆ ಎರಡು ಕೆಲಸ. ಮೊದಲು, ಬಾಟಲಿಗೆ ಹಾಕುತ್ತಿರುವುದು ಯಾವ ಪಾಚಿ ಎಂದು ತೋರಿಸುವುದು. ಆಮೇಲೆ, ಅದು ದಿನಕ್ಕೆಷ್ಟು ಬೆಳೆಯಿತೆಂದು ಅಳೆಯುವುದು.

ಮಾದರಿ ತರುವುದು

ನೀರಿಗೆ ಕೈ ಹಾಕುವ ಮೊದಲು ಅದರ ಬಣ್ಣ ನೋಡಿ. ಮೇಲ್ಮೈಯಲ್ಲಿ ಹಸಿರು ಪೇಂಟ್ ಚೆಲ್ಲಿದಂತಿದ್ದು, ದಡದಲ್ಲಿ ನೀಲಿ-ಹಸಿರು ಕೆನೆ ಕಟ್ಟಿದ್ದರೆ ಅದು ಮೈಕ್ರೋಸಿಸ್ಟಿಸ್‌ನಂಥ ಸೈಯನೋಬ್ಯಾಕ್ಟೀರಿಯಾ ಇರಬಹುದು. ಹೆಸರಿಗೆ ನೀಲಿ-ಹಸಿರು ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಅವುಗಳಲ್ಲಿ ಕೆಲವು ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷ ತಯಾರಿಸುತ್ತವೆ. ಕುದಿಸಿದರೂ ಅದು ಹೋಗುವುದಿಲ್ಲ. ಒಂದು ಕೋಲು ಅದ್ದಿ ಎತ್ತಿ. ಕೂದಲಿನಂಥ ಎಳೆಗಳು ನೇತಾಡಿದರೆ ಅದು ಎಳೆಪಾಚಿ, ಸಾಮಾನ್ಯವಾಗಿ ಅಪಾಯವಿಲ್ಲ. ಕೋಲಿಗೆ ಬಣ್ಣ ಬಳಿದಂತಾದರೆ ಕೈಗವಸು ಹಾಕಿಕೊಳ್ಳಿ, ನೀರು ಮೈಗೆ ಸಿಡಿಯದಂತೆ ನೋಡಿಕೊಳ್ಳಿ, ಆ ನೀರನ್ನು ಬೆಳೆಸಲು ಬಳಸಬೇಡಿ. ಅನುಮಾನ ಉಳಿದರೆ ಒಂದು ಜಾಡಿಯನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ: ಹಸಿರು ಪಾಚಿ ಸಾಮಾನ್ಯವಾಗಿ ತಳಕ್ಕಿಳಿಯುತ್ತದೆ, ಸೈಯನೋಬ್ಯಾಕ್ಟೀರಿಯಾ ತಮ್ಮೊಳಗಿನ ಗಾಳಿಚೀಲಗಳಿಂದ ಮೇಲೆದ್ದು ಜಾಡಿಯ ಅಂಚಿಗೆ ಉಂಗುರ ಕಟ್ಟುತ್ತವೆ. ಈ ಪರೀಕ್ಷೆ ಸುಳಿವು ಕೊಡುತ್ತದೆಯೇ ಹೊರತು ಪ್ರಮಾಣಪತ್ರ ಕೊಡುವುದಿಲ್ಲ.

ಅಗಲ ಬಾಯಿಯ ಬಾಟಲಿಯನ್ನು ಅರ್ಧ, ಹೆಚ್ಚೆಂದರೆ ಮುಕ್ಕಾಲು ತುಂಬಿಸಿ. ಉಳಿದ ಜಾಗದಲ್ಲಿ ಗಾಳಿ ಇರಲಿ. ಎಳೆಪಾಚಿಯಾದರೆ ಬೆರಳುದ್ದದ ಒಂದು ಎಸಳು ಸಾಕು. ಮುಷ್ಟಿ ತುಂಬಾ ತುರುಕಿದರೆ ರಾತ್ರಿ ಆಮ್ಲಜನಕ ಖಾಲಿಯಾಗಿ ಬೆಳಗಾಗುವಷ್ಟರಲ್ಲಿ ನಾರುತ್ತದೆ. ಕಲ್ಲಿನ ಮೇಲಿನ ಕಂದು ಲೋಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟೆಗೆ ಉಜ್ಜಿಕೊಳ್ಳಿ. ಅದರಲ್ಲಿ ಸಿಲಿಕಾ ಚಿಪ್ಪಿನ ಡಯಾಟಮ್‌ಗಳು ಧಾರಾಳ. ಈಜುವ ವಾಲ್ವಾಕ್ಸ್, ಯೂಗ್ಲೀನಾ ಬೇಕಿದ್ದರೆ ಜಾಡಿಗೆ ಕಪ್ಪು ಕಾಗದ ಸುತ್ತಿ ಒಂದು ಕಡೆ ಬೆರಳಗಲದ ಸೀಳು ಬಿಟ್ಟು ಕಿಟಕಿಯ ಕಡೆ ತಿರುಗಿಸಿಡಿ. ಅರ್ಧ ಗಂಟೆಯಲ್ಲಿ ಅವು ಬೆಳಕಿನ ಸೀಳಿನ ಹತ್ತಿರ ಗುಂಪುಗೂಡುತ್ತವೆ. ಪಿಪೆಟ್ಟಿನಿಂದ ಅಲ್ಲಿಂದಲೇ ಎತ್ತಿ.

ಸ್ಥಳದಲ್ಲೇ ಒಂದು ಚಿತ್ರ ತೆಗೆಯಿರಿ. ನೀರಿನ ಮೇಲಿನ ಆಕಾಶದ ಹೊಳಪು ಪಾಚಿಯನ್ನು ಮುಚ್ಚಿಬಿಡುತ್ತದೆ, ಅದಕ್ಕೆ ಪೋಲರೈಸರ್, ಅಂದರೆ ಹೊಳಪು ತಡೆಯುವ ಫಿಲ್ಟರ್ ಬೇಕು. ಕ್ಯಾಮೆರಾ ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಅದು ಅತಿ ಚೆನ್ನಾಗಿ ಕೆಲಸ ಮಾಡುತ್ತದೆ, ನೇರ ಮೇಲಿನಿಂದ ನೋಡಿದರೆ ಏನೂ ಮಾಡುವುದಿಲ್ಲ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಅನ್ನು ಡೇಲೈಟ್‌ಗೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಚೌಕಟ್ಟಿನ ತುಂಬ ಹಸಿರು ಕಂಡ ಕ್ಯಾಮೆರಾ ಅದನ್ನು ತಿದ್ದಲು ಹೋಗಿ ಬೂದಿ ಬಳಿಯುತ್ತದೆ.

ಸೂಕ್ಷ್ಮದರ್ಶಕದಡಿಯ ಚಿತ್ರ

ಚಿತ್ರ ಕೆಡುವುದು ಬಹುಪಾಲು ಸ್ಲೈಡ್ ಮಾಡುವಾಗಲೇ, ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲೇ. 22 ಮಿ.ಮೀ. ಚೌಕದ ಕವರ್‌ಸ್ಲಿಪ್‌ಗೆ (ಮಾದರಿಯ ಮೇಲೆ ಮುಚ್ಚುವ ತೆಳು ಗಾಜು) 0.02ರಿಂದ 0.03 ಮಿ.ಲೀ. ನೀರು, ಅಂದರೆ ಸುಮಾರು ಅರ್ಧ ಹನಿ ಸಾಕು. ಪೂರ್ತಿ ಹನಿ ಹಾಕಿದರೆ ಕವರ್‌ಸ್ಲಿಪ್ ತೇಲುತ್ತದೆ, ಅದರಡಿ ಪಾಚಿ ಮೇಲೂ ಕೆಳಗೂ ಹರಡಿಕೊಂಡು ಯಾವುದೂ ಒಂದೇ ಫೋಕಸ್‌ಗೆ ಬರುವುದಿಲ್ಲ. ಒಂದು ಅಂಚನ್ನು ನೀರಿಗೆ ತಾಗಿಸಿ, 45 ಡಿಗ್ರಿಯಲ್ಲಿ ಹಿಡಿದು ನಿಧಾನವಾಗಿ ಇಳಿಸಿದರೆ ಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಹೆಚ್ಚಾದ ನೀರನ್ನು ಒತ್ತುಕಾಗದದ ಮೂಲೆಯಿಂದ ಹೀರಿಸಿ. ವಾಲ್ವಾಕ್ಸ್‌ನಂಥ ದುಂಡನೆಯವು ಜಜ್ಜಿಹೋಗದಂತೆ ಕವರ್‌ಸ್ಲಿಪ್ಪಿನ ನಾಲ್ಕು ಮೂಲೆಗೆ ಸಾಸಿವೆಯಷ್ಟು ಪೆಟ್ರೋಲಿಯಂ ಜೆಲ್ಲಿ ಇಡಿ. ಅಂಚಿಗೆಲ್ಲ ಅದನ್ನೇ ಬಳಿದರೆ ಸ್ಲೈಡ್ ಬೇಗ ಒಣಗುವುದಿಲ್ಲ.

4ಎಕ್ಸ್ ಮಸೂರದಿಂದ ಹುಡುಕಿ, 10ಎಕ್ಸ್‌ನಿಂದ ಚೌಕಟ್ಟು ಹಾಕಿ, ಬೇಕೆನಿಸಿದರೆ ಮಾತ್ರ 40ಎಕ್ಸ್‌ಗೆ ಹೋಗಿ. ಸ್ಪೈರೋಗೈರಾದ ಸುರುಳಿ, ಹೈಡ್ರೋಡಿಕ್ಟಿಯಾನ್‌ನ ಬಲೆ, ಕ್ಲಾಡೊಫೊರಾದ ಕವಲು ಎಲ್ಲವೂ 10ಎಕ್ಸ್‌ನಲ್ಲೇ ಸೊಗಸು. ಸಾಲಾಗಿ ನಾಲ್ಕು ಕೋಶ ಅಂಟಿಕೊಂಡ ಸೀನೆಡೆಸ್ಮಸ್‌ಗೆ 40ಎಕ್ಸ್ ಬೇಕು. ಕಂಡೆನ್ಸರ್ (ಸ್ಲೈಡಿಗೆ ಬೆಳಕು ಕೂಡಿಸುವ ಮಸೂರ) ಕೆಳಗಿನ ಐರಿಸ್, ಅಂದರೆ ಬೆಳಕಿನ ಕಿಂಡಿ ಎಷ್ಟು ತೆರೆದಿರಬೇಕು ಎಂಬುದೇ ಇಲ್ಲಿ ನಿರ್ಣಾಯಕ. ಐಪೀಸ್ (ಕಣ್ಣಿಡುವ ಮಸೂರ) ತೆಗೆದು ಕೊಳವೆಯೊಳಗೆ ನೋಡಿ: ಬೆಳಕಿನ ವೃತ್ತದ ಮುಕ್ಕಾಲು ಭಾಗ ತೆರೆದಿದ್ದರೆ ಸರಿ. ಪೂರ್ತಿ ತೆರೆದರೆ ಬಣ್ಣವಿಲ್ಲದ ಕೋಶಭಿತ್ತಿ ಬೆಳಕಿನಲ್ಲಿ ಕರಗಿಹೋಗುತ್ತದೆ. ತೀರಾ ಮುಚ್ಚಿದರೆ ಅಂಚುಗಳು ಗಾಢವಾಗಿ, ಕೆಲವೊಮ್ಮೆ ಜೋಡಿಯಾಗಿ ಕಾಣುತ್ತವೆ. ಅವು ಪಾಚಿಯ ಗೆರೆಗಳಲ್ಲ, ಬೆಳಕಿನ ಬಾಗುವಿಕೆಯ ಸೃಷ್ಟಿ.

ಫೋನಿನ ಮುಖ್ಯ ಕ್ಯಾಮೆರಾ ಬಳಸಿ. ವೈಡ್ ಮಸೂರ ಬೇಡ. ಐಪೀಸ್‌ನಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಒಂದು ಜಾಗ ಸಿಗುತ್ತದೆ, ಅಲ್ಲಿ ಬೆಳಕಿನ ವೃತ್ತ ಅತಿ ದೊಡ್ಡದಾಗಿ ಕಾಣುತ್ತದೆ. ಅಲ್ಲಿಗೆ ಫೋನನ್ನು ಹಿಡಿಕೆಯಿಂದ ಬಿಗಿಯಿರಿ. ಕೈಯಲ್ಲಿ ಹಿಡಿದರೆ ವೃತ್ತದ ಅಂಚು ಅರ್ಧಚಂದ್ರಾಕಾರವಾಗಿ ಕಪ್ಪಾಗುತ್ತದೆ. ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಚಿತ್ರದಲ್ಲಿ ಅಡ್ಡಪಟ್ಟಿಗಳು ಬಂದರೆ ಅದು ಎಲ್‌ಇಡಿಯ ಮಿನುಗು: ಶಟರ್ ಅನ್ನು 1/50 ಅಥವಾ 1/100ಕ್ಕೆ ಬದಲಿಸಿ, ಇಲ್ಲವೇ ದೀಪವನ್ನು ಪೂರ್ತಿ ಏರಿಸಿ ಬೆಳಕಿಗೆ ಬಿಳಿ ಕಾಗದ ಅಡ್ಡ ಇಡಿ. ಪರದೆಯ ಮೇಲೆ ಝೂಮ್ ಮಾಡಿ ವಿವರ ಹುಡುಕಬೇಡಿ. 0.65 ಎನ್‌ಎ (ಮಸೂರ ಎಷ್ಟು ಅಗಲದ ಬೆಳಕು ಹಿಡಿಯುತ್ತದೆಂಬ ಅಳತೆ) ಇರುವ 40ಎಕ್ಸ್ ಮಸೂರ ಬಿಡಿಸಿ ತೋರಿಸಬಲ್ಲದ್ದು ಸುಮಾರು ಅರ್ಧ ಮೈಕ್ರೋಮೀಟರ್ ಅಷ್ಟೇ. 5 ಮೈಕ್ರೋಮೀಟರಿನ ಕ್ಲೋರೆಲ್ಲಾ ಎಷ್ಟು ಹಿಗ್ಗಿಸಿದರೂ ಹಸಿರು ಗುಂಡೇ.

ಸ್ಪೈರೋಗೈರಾ ಉರುಟು ಕೊಳವೆ. 40ಎಕ್ಸ್‌ನ ಫೋಕಸ್ ಆಳ ಸುಮಾರು ಒಂದು ಮೈಕ್ರೋಮೀಟರ್. ಹಾಗಾಗಿ ಒಂದೇ ಚಿತ್ರದಲ್ಲಿ ಸುರುಳಿ ಪೂರ್ತಿ ಸಿಗುವುದಿಲ್ಲ. ಸೂಕ್ಷ್ಮ ಫೋಕಸ್ ಗುಂಡಿಯನ್ನು ಸಮಹೆಜ್ಜೆಯಲ್ಲಿ ತಿರುಗಿಸುತ್ತ 10–15 ಚಿತ್ರ ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಒಂದೇ ಚಿತ್ರವಾಗಿಸುವ ಸ್ಟ್ಯಾಕಿಂಗ್ ತಂತ್ರಾಂಶದಲ್ಲಿ ಜೋಡಿಸಿ. ಈಜುವ ಜೀವಿಗಳಿಗೆ ಇದು ನಡೆಯುವುದಿಲ್ಲ. ಅವುಗಳಿಗೆ 1/250 ಸೆಕೆಂಡ್ ಶಟರ್ ಇರಲಿ, ಹನಿಯೊಳಗೆ ಒಂದೆರಡು ಹತ್ತಿಯ ಎಳೆ ಹಾಕಿ. ಅದರ ನಡುವೆ ಸಿಕ್ಕಿಕೊಂಡು ಓಡಾಟ ಕಡಿಮೆಯಾಗುತ್ತದೆ.

ಕಪ್ಪು ಹಿನ್ನೆಲೆಯಲ್ಲಿ ಪಾಚಿ ಹೊಳೆಯುವ ಚಿತ್ರಕ್ಕೆ ವಿಶೇಷ ಉಪಕರಣ ಬೇಡ. ಕಂಡೆನ್ಸರ್ ಕೆಳಗಿನ ಫಿಲ್ಟರ್ ಜಾಗದಲ್ಲಿ ನಡುವೆ ಕಪ್ಪು ಕಾಗದದ ಬಿಲ್ಲೆ ಅಂಟಿಸಿದ ಪಾರದರ್ಶಕ ಹಾಳೆ ಇಡಿ, ಐರಿಸ್ ಪೂರ್ತಿ ತೆರೆಯಿರಿ. ಐಪೀಸ್ ತೆಗೆದು ನೋಡಿದಾಗ ಬೆಳಕಿನ ವೃತ್ತ ಪೂರ್ತಿ ಮುಚ್ಚಿದ್ದರೆ ಬಿಲ್ಲೆಯ ಅಳತೆ ಸರಿ. 4ಎಕ್ಸ್, 10ಎಕ್ಸ್‌ಗೆ ಇದು ಚೆನ್ನಾಗಿ ಹೊಂದುತ್ತದೆ, 40ಎಕ್ಸ್‌ಗೆ ಸಾಮಾನ್ಯವಾಗಿ ಕೈಕೊಡುತ್ತದೆ. ಸ್ಲೈಡಿನ ಧೂಳೂ ಅಷ್ಟೇ ಜೋರಾಗಿ ಹೊಳೆಯುವುದರಿಂದ ಗಾಜನ್ನು ಮೊದಲು ಒರೆಸಿ.

ಅಳತೆಗೋಲಿಲ್ಲದ ಚಿತ್ರದಿಂದ ಜಾತಿ ಗುರುತಿಸಲಾಗದು. 1 ಮಿ.ಮೀ. ಅನ್ನು 100 ಭಾಗ ಮಾಡಿದ ಸ್ಟೇಜ್ ಮೈಕ್ರೋಮೀಟರನ್ನು ಅದೇ ಮಸೂರದಲ್ಲಿ, ಝೂಮ್ ಮುಟ್ಟದೆ ಒಮ್ಮೆ ಚಿತ್ರ ತೆಗೆದಿಟ್ಟುಕೊಳ್ಳಿ. ಒಂದು ಭಾಗವೆಂದರೆ 10 ಮೈಕ್ರೋಮೀಟರ್.

ಬೆಳಕು ಎಲ್ಲಿಗೆ ಹೋಗುತ್ತದೆ

ಇಂಧನದ ಮಾತಿಗೆ ಬರುವ ಮೊದಲು ಇದೊಂದು ಚಿತ್ರ ತೆಗೆಯುವುದು ಒಳ್ಳೆಯದು. ಒಂದು ಚಮಚ ಎಳೆಪಾಚಿಯ ನೀರು ಹಿಂಡಿ, 10 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅರೆದು ಅರ್ಧ ಗಂಟೆ ಕತ್ತಲಲ್ಲಿಟ್ಟು ಸೋಸಿ. ಹತ್ತಿರ ಬೆಂಕಿ ಇರಬಾರದು. ಕತ್ತಲ ಕೋಣೆಯಲ್ಲಿ ಸುಮಾರು 450 ನ್ಯಾನೋಮೀಟರಿನ ನೀಲಿ ಟಾರ್ಚನ್ನು ಪಕ್ಕದಿಂದ ಬಿಡಿ, ಕ್ಯಾಮೆರಾ ಮಸೂರದ ಮುಂದೆ ಗಾಢ ಕಿತ್ತಳೆ ಫಿಲ್ಟರ್ ಇಡಿ. ಐಎಸ್‌ಒ 800, ಒಂದೆರಡು ಸೆಕೆಂಡ್. ಹಸಿರು ದ್ರಾವಣ ರಕ್ತಗೆಂಪಾಗಿ ಹೊಳೆಯುತ್ತದೆ. ಕ್ಲೋರೋಫಿಲ್ ಹೀರಿದ ಬೆಳಕಿಗೆ ಆಲ್ಕೋಹಾಲಿನಲ್ಲಿ ಮಾಡಲು ಬೇರೆ ಕೆಲಸವಿಲ್ಲ, ಒಂದು ಪಾಲು ಕೆಂಪಾಗಿ ಹೊರಬೀಳುತ್ತದೆ. ಜೀವಂತ ಕೋಶದಲ್ಲಿ ಈ ಸೋರಿಕೆ ಕೆಲವೇ ಶೇಕಡಾ. ಉಳಿದದ್ದರಲ್ಲಿ ಸ್ವಲ್ಪ ಸಕ್ಕರೆ, ಎಣ್ಣೆ, ಪ್ರೋಟೀನ್ ಆಗುತ್ತದೆ, ಹೆಚ್ಚಿನದು ಶಾಖವಾಗಿ ಹೋಗುತ್ತದೆ. ಆ ಸ್ವಲ್ಪ ಎಷ್ಟು ಎಂಬುದೇ ಮುಂದಿನ ಪ್ರಶ್ನೆ.

ಬಾಟಲಿಯಲ್ಲಿ ಬೆಳೆಸುವುದು

2 ಲೀಟರಿನ ಪಾರದರ್ಶಕ ಬಾಟಲಿಗೆ ಒಟ್ಟು 1.5 ಲೀಟರ್ ದ್ರವ: 150 ಮಿ.ಲೀ. ಹಸಿರು ನೀರು, ಉಳಿದದ್ದು ಶುದ್ಧ ನೀರು. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಕ್ಲೋರಮಿನ್ ಹಾಕಿದ ನೀರು ಹಾಗೆ ಸರಿಹೋಗುವುದಿಲ್ಲ, ಮೀನಿನ ತೊಟ್ಟಿಗೆ ಬಳಸುವ ಸೋಡಿಯಂ ಥಯೋಸಲ್ಫೇಟ್ ಬೇಕು.

ಬೀಜದ ನೀರನ್ನು, ಅಂದರೆ ಆ 150 ಮಿ.ಲೀ. ಹಸಿರು ನೀರನ್ನು, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿಯೇ ಹಾಕಿ. ಕ್ಲೋರೆಲ್ಲಾದಂಥ ಸಣ್ಣ ಕೋಶಗಳು ದಾಟಿಬರುತ್ತವೆ. ಅವನ್ನು ಮೇಯುವ ರೋಟಿಫರ್, ಡಾಫ್ನಿಯಾ ಮೇಲೆಯೇ ಉಳಿಯುತ್ತವೆ. ಸೋಸದೆ ಹಾಕಿದರೆ ಒಂದು ವಾರ ಚೆನ್ನಾಗಿ ಹಸಿರಾದ ಬಾಟಲಿ ಎರಡು ಮೂರು ದಿನದಲ್ಲಿ ತಿಳಿನೀರಾಗಿ ತಳದಲ್ಲಿ ಕಂದು ಕಸ ಉಳಿಯುವುದುಂಟು. ಆಗ ಗೊಬ್ಬರ ಸುರಿದು ಪ್ರಯೋಜನವಿಲ್ಲ, ಹೊಸದಾಗಿ ಶುರುಮಾಡಬೇಕು.

ಗೊಬ್ಬರದ ಲೆಕ್ಕ ಹೀಗೆ. ಒಣ ಪಾಚಿಯಲ್ಲಿ ಸಾರಜನಕ ಸುಮಾರು 7 ಶೇಕಡಾ. ಲೀಟರಿಗೆ 0.5 ಗ್ರಾಂ ಪಾಚಿ ಬೇಕಾದರೆ 35 ಮಿಲಿಗ್ರಾಂ ಸಾರಜನಕ ಸಾಕು. ನೀರಿನಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ 19 ಶೇಕಡಾ) ಲೀಟರಿಗೆ 0.25 ಗ್ರಾಂ ಹಾಕಿದರೆ 47 ಮಿಲಿಗ್ರಾಂ ಸಿಗುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಲಾಭವಿಲ್ಲ, ನಷ್ಟವುಂಟು: ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿದಂತೆ ಪಿಎಚ್ 9 ದಾಟುತ್ತದೆ, ಆಗ ಗೊಬ್ಬರದ ಅಮೋನಿಯಂ ಅಮೋನಿಯಾ ಆಗಿ ಪಾಚಿಯನ್ನೇ ಸುಡುತ್ತದೆ. ಕಬ್ಬಿಣ ಮೊದಲಾದ ಸೂಕ್ಷ್ಮಪೋಷಕಗಳ ಮಿಶ್ರಣ ಒಂದು ಚಿಟಿಕೆ ಇರಲಿ.

ಪಂಪಿನಿಂದ ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್ ಗಾಳಿ ಸಾಕು. ಗುಳ್ಳೆಗಳು ಕೋಶಗಳನ್ನು ಕದಡಿ ತಳಕ್ಕೆ ಕೂರದಂತೆ ನೋಡಿಕೊಳ್ಳುತ್ತವೆ, ಸರದಿಯಂತೆ ಬೆಳಕಿಗೆ ತರುತ್ತವೆ, ಇಂಗಾಲವನ್ನೂ ಕೊಡುತ್ತವೆ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ. ಕೆಳಗಿಟ್ಟರೆ ವಿದ್ಯುತ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುತ್ತದೆ. ಉಷ್ಣತೆ 25–30 ಡಿಗ್ರಿ ಸೆಲ್ಸಿಯಸ್. ಮೊದಲ ಎರಡು ದಿನ ನೆರಳು ಬೆಳಕಿನಲ್ಲಿಡಿ. ತೆಳು ಹಸಿರು ನೀರನ್ನು ನಡುಹಗಲ ಬಿಸಿಲಿಗಿಟ್ಟರೆ ಕೋಶಗಳು ಬೆಳಕು ತಾಳಲಾರದೆ ಬಿಳಚುತ್ತವೆ, ಬಾಟಲಿಯೂ 40 ಡಿಗ್ರಿ ಮುಟ್ಟಬಹುದು. ಹಳದಿಗೆ ತಿರುಗಿದರೆ ಸಾರಜನಕ ಅಥವಾ ಕಬ್ಬಿಣದ ಕೊರತೆ. ಗೋಡೆಗೆ ಹಸಿರು ಪದರ ಅಂಟಿದರೆ ಗಾಳಿ ಕಡಿಮೆಯಾಗಿದೆ. ಕೊಳೆತ ವಾಸನೆ ಬಂದರೆ ಎಸೆಯುವುದೇ ದಾರಿ.

ಕ್ಯಾಮೆರಾವೇ ಮಾಪಕ

ಕಣ್ಣಿನ ಅಂದಾಜು ಮೋಸ ಮಾಡುತ್ತದೆ; ನಾಲ್ಕನೇ ದಿನದ ಹಸಿರಿಗೂ ಎಂಟನೇ ದಿನದ ಹಸಿರಿಗೂ ವ್ಯತ್ಯಾಸ ಹೇಳುವುದು ಕಷ್ಟ. ಕ್ಲೋರೋಫಿಲ್ ಕೆಂಪು ಬೆಳಕನ್ನು ಹೀರುವುದರಿಂದ ಚಿತ್ರದ ಕೆಂಪು ಚಾನೆಲ್, ಅಂದರೆ ಕ್ಯಾಮೆರಾ ದಾಖಲಿಸಿದ ಕೆಂಪು ಬೆಳಕಿನ ಪಾಲು, ಮಾಪಕದ ಕೆಲಸ ಮಾಡುತ್ತದೆ. ಒಂದೇ ಅಳತೆಯ ಎರಡು ಚಪ್ಪಟೆ ಗೋಡೆಯ ಗಾಜಿನ ಜಾಡಿಗಳು, ಹಿಂದೆ ಸಮನಾಗಿ ಬೆಳಗುವ ಬಿಳಿ ಕಾಗದ. ಒಂದರಲ್ಲಿ ಗೊಬ್ಬರ ಹಾಕಿದ ಬರಿಯ ನೀರು, ಇನ್ನೊಂದರಲ್ಲಿ ಬಾಟಲಿಯಿಂದ ಕುಲುಕಿ ತೆಗೆದ ಮಾದರಿ. ಗುಳ್ಳೆ ಅಡಗಲು ಒಂದು ನಿಮಿಷ ಬಿಡಿ. ಎಫ್/8, ಐಎಸ್‌ಒ 100, ಬರಿನೀರಿನ ಜಾಡಿ ಬಿಳಿಚಿ ಹೋಗದಷ್ಟು ಶಟರ್. ಇವನ್ನು ಮುಂದಿನ ದಿನಗಳಲ್ಲಿ ಬದಲಿಸಬೇಡಿ. ಕಡ್ಡಾಯವಾಗಿ ರಾ ಕಡತದಲ್ಲಿ (ಕ್ಯಾಮೆರಾ ತಿದ್ದದ ಮೂಲ ದಾಖಲೆ) ತೆಗೆಯಿರಿ. ಜೆಪೆಗ್ ಕಣ್ಣಿಗೆ ಹಿತವಾಗಲೆಂದು ಬೆಳಕಿನ ಅನುಪಾತವನ್ನು ತಿರುಚಿರುತ್ತದೆ, ಅದರಿಂದ ಲೆಕ್ಕ ಸುಳ್ಳಾಗುತ್ತದೆ.

ಜಾಡಿಯ ನಡುವೆ 100×100 ಪಿಕ್ಸೆಲ್ ಚೌಕದ ಕೆಂಪು ಸರಾಸರಿ ಓದಿ. ಬರಿನೀರಿನ ಸಂಖ್ಯೆಯನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಿ, ಹತ್ತರ ಲಾಗರಿದಮ್ ತೆಗೆಯಿರಿ. ಬರಿನೀರು 2000, ಮಾದರಿ 500 ಆದರೆ ಉತ್ತರ 0.60. ಮಾದರಿಯ ಸಂಖ್ಯೆ ಬರಿನೀರಿನ ಹತ್ತನೇ ಒಂದಕ್ಕಿಂತ ಕೆಳಗಿಳಿದರೆ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ ಅಳೆದು ನಾಲ್ಕರಿಂದ ಗುಣಿಸಿ. ಮೊದಲ ದಿನವೇ ಗಾಢ ಮಾದರಿಯೊಂದನ್ನು ಅರ್ಧ, ಕಾಲು, ಅರೆಕಾಲು ತೆಳುಮಾಡಿ ಅಳೆದು ನೋಡಿ. ಉತ್ತರವೂ ಅದೇ ಪ್ರಮಾಣದಲ್ಲಿ ಇಳಿಯಬೇಕು. ಇಳಿಯದಿದ್ದರೆ ಎಲ್ಲಿಂದಲೋ ಹೊರಬೆಳಕು ಸೋರುತ್ತಿದೆ, ಜಾಡಿಗಳನ್ನು ಕಪ್ಪು ಡಬ್ಬಿಯೊಳಗಿಡಿ.

ದಿನಕ್ಕೊಂದು ಚುಕ್ಕಿಯಂತೆ ಗೆರೆ ಎಳೆದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೊದಲ ದಿನಗಳಲ್ಲಿ ಇಮ್ಮಡಿ ನಾಲ್ಮಡಿಯಾಗಿ ಏರುವುದು ಆಮೇಲೆ ದಿನಕ್ಕಿಷ್ಟೇ ಎಂಬ ನೇರ ಗೆರೆಯಾಗುತ್ತದೆ, ಗೊಬ್ಬರ ಇನ್ನೂ ಉಳಿದಿದ್ದರೂ. ಮುಂದಿನ ಸಾಲಿನ ಕೋಶಗಳು ಹಿಂದಿನವುಗಳಿಗೆ ನೆರಳಾಗಿವೆ. ದೊಡ್ಡ ಕೊಳಗಳನ್ನು 20–30 ಸೆಂ.ಮೀ. ಆಳಕ್ಕಿಂತ ಹೆಚ್ಚು ಮಾಡದಿರುವುದು ಇದೇ ಕಾರಣಕ್ಕೆ.

ಕೊಯ್ಲು, ತೂಕ, ಲೆಕ್ಕ

ಬೀಜದ ನೀರು ದಾಟಿಬಂದ ಕಾಫಿ ಫಿಲ್ಟರಿನಲ್ಲೇ ಈಗ ಕೊಯ್ಲು ಮಾಡಲು ಹೋದರೆ ಪಾಚಿ ಮತ್ತೆ ದಾಟಿಹೋಗುತ್ತದೆ. ಪಟಿಕ ಹಾಕಿದರೆ ಬೇಗ ಗರಣೆಗಟ್ಟಿ ಇಳಿಯುತ್ತದೆ, ಆದರೆ ಪಟಿಕದ ತೂಕವೂ ಸೇರುತ್ತದೆ. ತೂಗುವುದಕ್ಕಾದರೆ ಗಾಳಿ ನಿಲ್ಲಿಸಿ ಎರಡು ದಿನ ಫ್ರಿಜ್‌ನಲ್ಲಿಡಿ. ಹೊರಗಿನ ಕತ್ತಲಲ್ಲಿಟ್ಟರೆ ಕೋಶಗಳು ಉಸಿರಾಡುತ್ತ ಕೂಡಿಟ್ಟದ್ದನ್ನು ಕರಗಿಸುತ್ತವೆ. ತಂಪಿನಲ್ಲಿ ಅದು ನಿಧಾನ. ಮೇಲಿನ ತಿಳಿಯನ್ನು ಕೊಳವೆಯಿಂದ ಇಳಿಸಿ, ಉಳಿದ ಸುಮಾರು 100 ಮಿ.ಲೀ. ಕೆಸರನ್ನು ಮೊದಲೇ ತೂಗಿಟ್ಟ ಗಾಜಿನ ತಟ್ಟೆಗೆ ಸುರಿದು 60–70 ಡಿಗ್ರಿಯಲ್ಲಿ ಒಣಗಿಸಿ. ಎರಡು ಸಲ ತೂಗಿದಾಗ ಒಂದೇ ಸಂಖ್ಯೆ ಬರುವವರೆಗೂ ಒಣಗಿಲ್ಲವೆಂದೇ ಲೆಕ್ಕ. ಬಾಟಲಿ ಚೆನ್ನಾಗಿ ಬೆಳೆದಿದ್ದರೆ ಲೀಟರಿಗೆ 0.5 ಗ್ರಾಂ, ಅಂದರೆ ಒಟ್ಟು 0.75 ಗ್ರಾಂ ಸಿಗುತ್ತದೆ.

ಒಣ ಪಾಚಿಯ ಗ್ರಾಂಗೆ ಸುಮಾರು 20 ಕಿಲೋಜೂಲ್. ಹಾಗಾದರೆ ಬಾಟಲಿಯ ಸಂಪಾದನೆ 15 ಕಿಲೋಜೂಲ್. ಖರ್ಚಿನ ಕಡೆ ನೋಡಿ: 3 ವ್ಯಾಟಿನ ಪಂಪ್ ಹತ್ತು ದಿನ ಹಗಲಿರುಳು ಓಡಿದರೆ 2,592 ಕಿಲೋಜೂಲ್, ಸಂಪಾದನೆಯ 170 ಪಟ್ಟು. 10 ವ್ಯಾಟಿನ ಎಲ್‌ಇಡಿ ದಿನಕ್ಕೆ 12 ಗಂಟೆ ಉರಿಸಿದ್ದರೆ ಇನ್ನೂ 4,320. ದೀಪದ ಬೆಳಕಿನಲ್ಲಿ ಪಾಚಿ ಬೆಳೆಸಿ ಇಂಧನ ಮಾಡುತ್ತೇವೆ ಎನ್ನುವವರ ಮಾತು ಇಲ್ಲಿಗೇ ಮುಗಿಯಿತು. ಒಣಗಿಸುವುದು ಮತ್ತೊಂದು ಗುಂಡಿ. ಒಂದು ಲೀಟರ್ ನೀರನ್ನು ಕಾಯಿಸಿ ಆವಿಮಾಡಲು ಸುಮಾರು 2,570 ಕಿಲೋಜೂಲ್. ಕೆಸರನ್ನು 100 ಮಿ.ಲೀ.ಗೆ ಇಳಿಸಿದ ಮೇಲೂ ಅದನ್ನು ಒಣಗಿಸಲು ಪಾಚಿಯಲ್ಲಿರುವುದರ 17 ಪಟ್ಟು ಶಾಖ ಬೇಕು. ಬಿಸಿಲಲ್ಲಿ ಒಣಗಿಸಿದರೆ ಈ ಖರ್ಚಿಲ್ಲ, ಜಾಗ ಮತ್ತು ಸಮಯ ಬೇಕು.

ದೊಡ್ಡ ಪ್ರಮಾಣದಲ್ಲಿ ಪಂಪಿನ ಜಾಗಕ್ಕೆ ನಿಧಾನವಾಗಿ ತಿರುಗುವ ಹುಟ್ಟುಚಕ್ರ ಬರುತ್ತದೆ, ಲೆಕ್ಕ ಸುಧಾರಿಸುತ್ತದೆ. ಆದರೂ ಬಿಸಿಲಿನ ಮಿತಿ ಉಳಿಯುತ್ತದೆ. ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಒಳ್ಳೆಯ ಇಳುವರಿ. ಅದು 400 ಕಿಲೋಜೂಲ್. ಅಷ್ಟೇ ಜಾಗಕ್ಕೆ ದಿನಕ್ಕೆ 5 ಕಿಲೋವ್ಯಾಟ್-ಗಂಟೆ, ಅಂದರೆ 18,000 ಕಿಲೋಜೂಲ್ ಬಿಸಿಲು ಬೀಳುವುದಾದರೆ ಪಾಚಿ ಹಿಡಿದದ್ದು ಶೇ. 2ರ ಆಸುಪಾಸು. 20 ಶೇಕಡಾ ದಕ್ಷತೆಯ ಸೌರಫಲಕ ಅಲ್ಲೇ 3,600 ಕಿಲೋಜೂಲ್ ವಿದ್ಯುತ್ ಕೊಡುತ್ತದೆ. ವಿದ್ಯುತ್ತೇ ಬೇಕಿದ್ದರೆ ಪಾಚಿಯ ಗೊಡವೆ ಬೇಡ. ಪಾಚಿ ಕೊಡುವುದು ದ್ರವ ಇಂಧನ, ಅನಿಲ, ಪ್ರೋಟೀನ್. ಫಲಕ ಅದನ್ನು ನೇರವಾಗಿ ಕೊಡಲಾರದು.

ಎಣ್ಣೆ ಹೆಚ್ಚಿಸಲು ಸಾರಜನಕ ನಿಲ್ಲಿಸಿ ಪಾಚಿಯನ್ನು ಉಪವಾಸ ಕೆಡವುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಕೋಶದಲ್ಲಿ ಎಣ್ಣೆಯ ಪಾಲು ಏರುವುದು ನಿಜ, ಜೊತೆಗೆ ಬೆಳವಣಿಗೆ ಕುಂಠಿತವಾಗಿ ಒಟ್ಟು ಎಣ್ಣೆ ಹೆಚ್ಚುವುದಿಲ್ಲ. 1978ರಿಂದ 1996ರವರೆಗೆ ನಡೆದ ಅಮೆರಿಕ ಇಂಧನ ಇಲಾಖೆಯ ಅಕ್ವಾಟಿಕ್ ಸ್ಪೀಷೀಸ್ ಪ್ರೋಗ್ರಾಂ ಈ ಗೋಡೆಗೇ ಬಂದು ನಿಂತಿತ್ತು. ಬಾಟಲಿಯಲ್ಲಿ ಇದನ್ನು ನೋಡಬಹುದು: ಒಂದೇ ಬೀಜದಿಂದ ಎರಡು ಬಾಟಲಿ ಹಾಕಿ, ಎರಡನೆಯದಕ್ಕೆ ಗೊಬ್ಬರ ಕಾಲು ಪಾಲು ಮಾಡಿ, ಕೆಂಪು ಚಾನೆಲ್ಲಿನ ಗೆರೆ ಮತ್ತು ಒಣ ತೂಕ ಹೋಲಿಸಿ. ಇಲ್ಲಿ ತೂಕವನ್ನೇ ನಂಬಿ. ಉಪವಾಸದ ಕೋಶ ಕ್ಲೋರೋಫಿಲ್ ಕಳೆದುಕೊಳ್ಳುವುದರಿಂದ ಗೆರೆ ನಿಜಕ್ಕಿಂತ ಕೆಳಗೆ ತೋರಿಸುತ್ತದೆ.

ಒಣಗಿಸದೆ ಬಳಸುವ ದಾರಿಗಳಲ್ಲಿ ಜೈವಿಕ ಅನಿಲ ಎಲ್ಲಕ್ಕಿಂತ ಸರಳ. ಪಾಚಿಯಲ್ಲಿ ಸಾರಜನಕ ಹೆಚ್ಚು, ಒಂದನ್ನೇ ಹಾಕಿದರೆ ಡೈಜೆಸ್ಟರಿನಲ್ಲಿ (ಅನಿಲ ಹುಟ್ಟುವ ಮುಚ್ಚಿದ ತೊಟ್ಟಿ) ಅಮೋನಿಯಾ ತುಂಬಿ ಅನಿಲ ನಿಲ್ಲುತ್ತದೆ. ಒಣಹುಲ್ಲು ಅಥವಾ ಕಾಗದದ ಚೂರು ಬೆರೆಸಿ ಇಂಗಾಲ-ಸಾರಜನಕ ಅನುಪಾತವನ್ನು 20–30ಕ್ಕೆ ತನ್ನಿ. ಕೊಳಚೆ ನೀರು ಶುದ್ಧೀಕರಿಸುವ ಕೊಳದಲ್ಲಿ ಈ ಇಡೀ ಲೆಕ್ಕವೇ ಬೇರೆ: ಅಲ್ಲಿ ಸಾರಜನಕ, ರಂಜಕ ತೆಗೆಯುವುದೇ ಮುಖ್ಯ ಕೆಲಸ, ಅನಿಲ ಮೇಲಿನ ಲಾಭ. ಇನ್ನೊಂದು ತುದಿಯಲ್ಲಿ, 2022ರಲ್ಲಿ ಕೇಂಬ್ರಿಜ್ ಸಂಶೋಧಕರು ಎಎ ಬ್ಯಾಟರಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಸಿನೆಕೋಸಿಸ್ಟಿಸ್ ಎಂಬ ಸೈಯನೋಬ್ಯಾಕ್ಟೀರಿಯಾ ಇಟ್ಟು ಒಂದು ಪುಟ್ಟ ಮೈಕ್ರೊಪ್ರೊಸೆಸರನ್ನು ಆರು ತಿಂಗಳಿಗೂ ಮೀರಿ ನಡೆಸಿದರು. ಚಿಪ್ ಕೇಳಿದ್ದು ಒಂದು ಮೈಕ್ರೊವ್ಯಾಟ್‌ಗಿಂತ ಕಡಿಮೆ. ಫೋನ್ ಚಾರ್ಜ್ ಮಾಡುವ ಆಸೆ ಇಟ್ಟುಕೊಳ್ಳಬೇಡಿ.

ಕೆಲಸ ಮುಗಿದ ಮೇಲೆ 150 ಮಿ.ಲೀ. ಹಸಿರು ನೀರನ್ನು ಮುಂದಿನ ಬಾಟಲಿಗೆ ಉಳಿಸಿಕೊಂಡು ಮಿಕ್ಕಿದ್ದನ್ನು ಗಿಡಗಳ ಬುಡಕ್ಕೆ ಸುರಿಯಿರಿ. ಗೊಬ್ಬರದ ನೀರನ್ನು ಕೊಳಕ್ಕೆ ಮರಳಿ ಚೆಲ್ಲಬೇಡಿ. ಏನು ಬೆಳೆದಿದೆಯೆಂದು ಖಚಿತವಿಲ್ಲದ ಬಾಟಲಿಗೆ ಬ್ಲೀಚ್ ಹಾಕಿ ಒಂದು ದಿನ ಇಟ್ಟು ಚರಂಡಿಗೆ ಬಿಡಿ, ಗಿಡಕ್ಕಲ್ಲ.